ಡೊಳ್ಳಿನ ಏಟಿಗೆ ಕಟ್ಟೆಯ ತೀರ್ಪು

ಬೆಂಗಳೂರಿನಿಂದ ಹುಬ್ಬಳ್ಳಿಯ ಕಡೆಗೆ ಹೊರಟ ರೈಲು ಅರಸೀಕೆರೆ ಬಿಟ್ಟು ಮುಂದೆ ಸಾಗಿದಂತೆ ಎರಡೂ ಬದಿಗೆ ತೆಂಗಿನ ತೋಟಗಳು, ರಾಗಿಯ ಹೊಲಗಳು ಕಾಣತೊಡಗುತ್ತವೆ. ದೂರದಲ್ಲಿ ಬಾಬಾಬುಡನ್ ಗಿರಿಸಾಲು ನೀಲಿ ಗೆರೆ ಎಳೆದಂತೆ ನಿಂತಿರುತ್ತದೆ. ಮುಂಗಾರು ತನ್ನ ಗಂಟನ್ನೆಲ್ಲ ಆ ಬೆಟ್ಟಗಳಿಗೇ ಸುರಿದುಬಿಡುವುದರಿಂದ ಕಡೂರಿನ ಬಯಲಿಗೆ ಉಳಿಯುವುದು ಅಲ್ಪಸ್ವಲ್ಪ. ಚಿಕ್ಕಮಗಳೂರು ಜಿಲ್ಲೆ ಎಂದೊಡನೆ ಕಾಫಿ ತೋಟ, ಮುಳ್ಳಯ್ಯನಗಿರಿ ನೆನೆಯುವ ಪ್ರವಾಸಿಗರಿಗೆ ಕಡೂರು, ತರೀಕೆರೆ, ಅಜ್ಜಂಪುರಗಳು ಹಾದಿಯಲ್ಲಿ ಸಿಗುವ ನಿಲ್ದಾಣಗಳಷ್ಟೇ. ಆದರೆ ಇದು ಚರ್ಮವಾದ್ಯಗಳ ಸೀಮೆ. ಇಲ್ಲಿಗೆ ಕಣ್ಣಿಗಿಂತ ಕಿವಿಯನ್ನು ಹೊತ್ತು ಬರುವುದು ಲೇಸು.

ಬರಬೇಕಾದ ಸಮಯವೂ ಜಾತ್ರೆಯ ದಿನವಲ್ಲ, ಜಾತ್ರೆಯ ಮರುದಿನ. ಬೆಳಗಿನ ಹೊತ್ತು ಅರಳಿಕಟ್ಟೆಯ ಮೇಲೆ, ಹೋಟೆಲಿನ ಬೆಂಚಿನ ಮೇಲೆ ನಡೆಯುವ ವಿಚಾರಣೆಯನ್ನು ಕೇಳಬೇಕು. ಹಿಂದಿನ ರಾತ್ರಿ ಕುಣಿದ ತಂಡಗಳಲ್ಲಿ ಯಾವುದು ಮೇಲು, ಯಾರ ಕೈ ಮೇಲು ಎಂಬ ಚರ್ಚೆ ಆಗ ಕಾವೇರಿರುತ್ತದೆ.

"ಆ ಹುಡ್ಗ ಏಟು ಹಾಕಿದ್ದು ನೋಡಿದ್ಯಾ ಮಾವ? ಕೋಲು ಕಣ್ಣಿಗೇ ಕಾಣ್ತಿರ್ಲಿಲ್ಲ!"

"ಜೋರಾಗಿ ಬಡಿಯೋದು ಯಾರಿಗ್ ಬರಲ್ಲ ಹೇಳು? ಬಿಡೋ ಜಾಗದಲ್ಲಿ ಬಿಡೋದು ಬರ್ಬೇಕು ಕಣೋ."

ಇಷ್ಟೇ ಮಾತು. ಆದರೆ ತಾಳವಾದ್ಯದ ಬಗ್ಗೆ ಲೋಕದಲ್ಲಿ ನಡೆಯುವ ವಾದವೆಲ್ಲ ಈ ಎರಡು ವಾಕ್ಯಗಳಲ್ಲಿ ಅಡಗಿದೆ ಎನ್ನಬಹುದು.

ಡೊಳ್ಳಾಸುರನ ಚರ್ಮ

ಡೊಳ್ಳು ಹಾಲುಮತದವರ ವಾದ್ಯ, ಬೀರಪ್ಪನ ಸೇವೆಯ ವಾದ್ಯ. ಡೊಳ್ಳಾಸುರನೆಂಬ ರಾಕ್ಷಸ ಶಿವನನ್ನೇ ನುಂಗಿದನೆಂದೂ, ಶಿವನು ಅವನನ್ನು ಕೊಂದು ಅವನ ಚರ್ಮದಿಂದ ಈ ವಾದ್ಯ ಮಾಡಿ ಭಕ್ತರಿಗೆ ಕೊಟ್ಟನೆಂದೂ ಕಥೆ. ಕೊರೆದ ಮರದ ಎರಡು ಬಾಯಿಗೂ ಕುರಿ ಅಥವಾ ಆಡಿನ ಚರ್ಮ ಹೊದಿಸಿ ಹಗ್ಗದಿಂದ ಬಿಗಿದ ಈ ಡೊಳ್ಳನ್ನು ಒಂದು ಕಡೆ ಕೋಲಿನಿಂದ, ಇನ್ನೊಂದು ಕಡೆ ಅಂಗೈಯಿಂದ ನುಡಿಸುತ್ತಾರೆ. ಹತ್ತು ಹನ್ನೆರಡು ಮಂದಿ ವೃತ್ತಾಕಾರವಾಗಿ ನಿಂತು, ನಡುವೆ ತಾಳ ಹಿಡಿದ ನಾಯಕನನ್ನು ಅನುಸರಿಸಿ ನುಡಿಸುತ್ತಲೇ ಕುಣಿಯುವುದು ರೂಢಿ.

ಮಂಜು ಬಿದ್ದ ರಾತ್ರಿ ಡೊಳ್ಳು ಮಂಕಾಗುತ್ತದೆ. ಚರ್ಮ ತೇವ ಹೀರಿಕೊಂಡು ಸಡಿಲವಾಗುವುದೇ ಕಾರಣ. ಬಿಗಿತ ಕಡಿಮೆಯಾದರೆ ಕಂಪನಗಳ ಸಂಖ್ಯೆಯೂ ಕಡಿಮೆ. ಕಂಪನ ಎರಡರಷ್ಟಾಗಬೇಕಾದರೆ ಬಿಗಿತ ನಾಲ್ಕರಷ್ಟಾಗಬೇಕು ಎಂಬುದನ್ನು ಮಕ್ಕಳು ಭೌತಶಾಸ್ತ್ರದ ಪುಸ್ತಕದಲ್ಲಿ ತಂತಿಯ ಬಗ್ಗೆ ಓದಿರುತ್ತಾರೆ. ಚರ್ಮಕ್ಕೂ ಅದೇ ನಿಯಮ. ಒಣ ಸೋಗೆಯ ಬೆಂಕಿಗೆ ಹಿಡಿದು ಕಾಯಿಸುವ ವಾದಕ ಸೂತ್ರವನ್ನು ಓದದಿದ್ದರೂ ಅದರ ಫಲವನ್ನು ಬಲ್ಲ. ಹೆಚ್ಚು ಕಾಯಿಸಿದರೆ ಚರ್ಮ ಹರಿಯುತ್ತದೆ. ಎಲ್ಲಿ ನಿಲ್ಲಿಸಬೇಕೆಂದು ಬೆರಳಿನಿಂದ ತಟ್ಟಿ ನೋಡಿಯೇ ತಿಳಿಯುತ್ತಾನೆ.

ಡೊಳ್ಳಿನ ನಾದ ಮೃದಂಗದಂತೆ ಒಂದು ಸ್ವರದಲ್ಲಿ ನಿಲ್ಲದಿರುವುದಕ್ಕೂ ಕಾರಣವಿದೆ. ಬರಿಯ ಚರ್ಮದ ಕಂಪನಗಳು ಒಂದು, ಎರಡು, ಮೂರು ಎಂಬ ಸರಳ ಅನುಪಾತದಲ್ಲಿರುವುದಿಲ್ಲ. ಮೃದಂಗ ಮತ್ತು ತಬಲಗಳ ನಡುವೆ ಹಚ್ಚುವ ಕಪ್ಪು ಕರಣೆ ಆ ಭಾಗದ ತೂಕ ಹೆಚ್ಚಿಸಿ ಕಂಪನಗಳನ್ನು ಆ ಅನುಪಾತದ ಸಮೀಪಕ್ಕೆ ತರುತ್ತದೆ. ಇದನ್ನು 1920ರಲ್ಲಿ ಸಿ.ವಿ. ರಾಮನ್ ಮತ್ತು ಶಿವಕಾಳಿ ಕುಮಾರ್ 'ನೇಚರ್' ಪತ್ರಿಕೆಯಲ್ಲಿ ವರದಿ ಮಾಡಿದರು. ಬೆಂಗಳೂರಿಗೆ ಬಂದ ಮೇಲೆ 1934ರಲ್ಲಿ ರಾಮನ್ ಇದೇ ವಿಷಯವನ್ನು ವಿಸ್ತಾರವಾಗಿ ಬರೆದರು. ಡೊಳ್ಳಿಗೆ ಕರಣೆಯಿಲ್ಲ. ಅದಕ್ಕೆ ಸ್ವರದ ಹಂಗಿಲ್ಲ; ಎದೆ ನಡುಗಿಸುವ ಗುಡುಗೇ ಅದರ ಗುಣ.

ಹಿಂದಿನವರು ತಡ ಮಾಡಿದರೇ?

ಕಟ್ಟೆಯ ಮೇಲಿನ ದೂರುಗಳಲ್ಲಿ ಒಂದು ಪದೇ ಪದೇ ಕೇಳಿಬರುತ್ತದೆ: "ಮೆರವಣಿಗೇಲಿ ಹಿಂದ್ಗಡೆಯೋರು ಏಟಿಗೆ ಸರಿಯಾಗಿ ಬರ್ಲಿಲ್ಲ." ತಂಡವನ್ನು ತೆಗಳುವ ಮೊದಲು ಒಂದು ಲೆಕ್ಕ ಮಾಡಬೇಕು. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಚಲಿಸುತ್ತದೆ. ಮೆರವಣಿಗೆಯ ಮುಂದಿನ ಡೊಳ್ಳಿಗೂ ಹಿಂದಿನ ಡೊಳ್ಳಿಗೂ 34 ಮೀಟರ್ ಅಂತರವಿದ್ದರೆ, ಇಬ್ಬರೂ ಒಂದೇ ಕ್ಷಣದಲ್ಲಿ ಬಾರಿಸಿದರೂ ಮುಂದೆ ನಿಂತವನ ಕಿವಿಗೆ ಹಿಂದಿನ ಏಟು ಸೆಕೆಂಡಿನ ಹತ್ತನೇ ಒಂದು ಭಾಗ ತಡವಾಗಿ ಮುಟ್ಟುತ್ತದೆ. ಇಷ್ಟು ಅಂತರವನ್ನು ಪಳಗಿದ ಕಿವಿ ಕೂಡಲೇ ಹಿಡಿಯುತ್ತದೆ. ತಪ್ಪು ಕೈಯದಲ್ಲ, ದೂರದ್ದು.

ವೃತ್ತದಲ್ಲಿ ನಿಂತಾಗ ಈ ತೊಡಕು ಬಹುಮಟ್ಟಿಗೆ ಕರಗುತ್ತದೆ. ನಡುವೆ ನಿಂತ ನಾಯಕನ ತಾಳ ಎಲ್ಲರಿಗೂ ಸಮದೂರ. ಮೂರೂವರೆ ಮೀಟರ್ ತ್ರಿಜ್ಯದ ವೃತ್ತವಾದರೆ ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಎಲ್ಲರ ಕಿವಿಗೂ ಒಟ್ಟಿಗೆ ತಲುಪುತ್ತದೆ. ಹಿರಿಯರು ಯಾವ ಕಾರಣಕ್ಕಾಗಿ ವೃತ್ತ ಕಟ್ಟಿದರೋ, ಅದು ಶಬ್ದವಿಜ್ಞಾನಕ್ಕೂ ಒಪ್ಪುವ ಏರ್ಪಾಡು. ಮೆರವಣಿಗೆಯಲ್ಲಿ ಕಿವಿಯನ್ನು ನಂಬದೆ ಮುಂದಿನವನ ಕೈಯನ್ನು ನೋಡಿ ಬಾರಿಸುವವನೇ ಜಾಣ. ಬೆಳಕಿಗೆ ಈ ತಡವಿಲ್ಲ.

ಕಲ್ಲತ್ತಿಗಿರಿಯ ಕಡೆಗೆ

ಕಡೂರಿನ ಪಕ್ಕದಲ್ಲೇ ಬೀರೂರು ಜಂಕ್ಷನ್. ದಸರಾ ಸಮಯದಲ್ಲಿ ಮೈಲಾರಲಿಂಗಸ್ವಾಮಿಯ ಕಾರ್ಣಿಕ ಕೇಳಲು ಜನ ಸೇರುವ ಊರು ಇದು. ಹಳಿ ಇಲ್ಲಿ ಕವಲೊಡೆಯುತ್ತದೆ. ಒಂದು ಅಜ್ಜಂಪುರದ ಮೇಲೆ ಹುಬ್ಬಳ್ಳಿಗೆ, ಇನ್ನೊಂದು ತರೀಕೆರೆಯ ಮೇಲೆ ಶಿವಮೊಗ್ಗಕ್ಕೆ. ತರೀಕೆರೆಯ ದಾರಿ ಹಿಡಿದರೆ ನೋಟವೇ ಬದಲಾಗಿ, ಅಡಿಕೆ ತೋಟಗಳ ಹಸಿರು ಹತ್ತಿರ ಬರುತ್ತದೆ. ತರೀಕೆರೆಗೆ ಸಮೀಪದ ಅಮೃತಾಪುರದಲ್ಲಿ 1196ರ ಹೊಯ್ಸಳ ದೇವಾಲಯವಿದೆ. ಲಿಂಗದಹಳ್ಳಿಯ ಮೇಲೆ ಕೆಮ್ಮಣ್ಣುಗುಂಡಿಗೆ ಹೋಗುವ ದಾರಿಯಲ್ಲಿ ಕಲ್ಲತ್ತಿಗಿರಿ. ಜಲಪಾತದ ಮಗ್ಗುಲಲ್ಲೇ ವೀರಭದ್ರನ ಗುಡಿ.

ವೀರಭದ್ರನೆಂದರೆ ವೀರಗಾಸೆ. ಕೆಂಪು ಉಡುಗೆ, ಎದೆಗೆ ವೀರಭದ್ರನ ಹಲಗೆ, ಕೈಯಲ್ಲಿ ಖಡ್ಗ, ದಕ್ಷಯಜ್ಞದ ಕಥೆ. ಶ್ರಾವಣ, ಕಾರ್ತಿಕ ಮಾಸಗಳಲ್ಲಿ ಈ ಸೀಮೆಯಲ್ಲಿ ಇದರ ಆರ್ಭಟ ಹೆಚ್ಚು. ಇಲ್ಲಿ ಸಮಾಳ, ಕರಡೆಗಳ ವಾದಕನ ಪರೀಕ್ಷೆ ಬೇರೆ ಬಗೆಯದು. ಕುಣಿಯುವವರು ನಿಂತು ಒಬ್ಬರು ಒಡಪು ಹೇಳುವಾಗ ವಾದ್ಯ ಮೌನವಾಗಬೇಕು. ಒಡಪಿನ ಕೊನೆಯ ಮಾತು ಬಾಯಿಂದ ಬೀಳುತ್ತಿದ್ದಂತೆ, ಒಂದು ಕ್ಷಣ ಮುಂಚೆಯೂ ಅಲ್ಲದೆ ಒಂದು ಕ್ಷಣ ತಡವೂ ಆಗದೆ ಏಟು ಬೀಳಬೇಕು. ಒಡಪು ಹೇಳುವವರ ಉಸಿರನ್ನು ಗಮನಿಸದವನಿಂದ ಇದು ಆಗದು. ಕಟ್ಟೆಯ ಹಿರಿಯ ಹೇಳಿದ 'ಬಿಡೋ ಜಾಗ' ಎಂದರೆ ಇದೇ.

ಇಂಗ್ಲೆಂಡಿನ ಕಟ್ಟೆ

ಇಂತಹ ಚರ್ಚೆ ಕಡೂರಿಗೆ ಮಾತ್ರ ಸೀಮಿತವಲ್ಲ. ಇಂಗ್ಲೆಂಡಿನ ಬೀಟಲ್ಸ್ ತಂಡದ ಅಭಿಮಾನಿಗಳು 1966ರ 'ರಿವಾಲ್ವರ್' ಆಲ್ಬಂ ಮೇಲೋ, 1967ರ 'ಸಾರ್ಜೆಂಟ್ ಪೆಪರ್ಸ್' ಮೇಲೋ ಎಂದು ಇಂದಿಗೂ ಜಗಳವಾಡುತ್ತಾರೆ. ಅವರ ಡ್ರಮ್ಮರ್ ರಿಂಗೊ ಸ್ಟಾರ್ ಬಗ್ಗೆಯಂತೂ ಎರಡು ಪಕ್ಷ. ಚಮತ್ಕಾರವಿಲ್ಲದ ಸಾಧಾರಣ ವಾದಕ ಎಂದು ಒಂದು ಪಕ್ಷ. ಹಾಡಿಗೆ ಬೇಕಾದಷ್ಟನ್ನೇ ನುಡಿಸಿದ ವಿವೇಕಿ ಎಂದು ಇನ್ನೊಂದು. ರಿಂಗೊಗೆ ಒಂಟಿಯಾಗಿ ಮೆರೆಯುವುದು ಇಷ್ಟವಿರಲಿಲ್ಲ. ಬೀಟಲ್ಸ್ ಧ್ವನಿಮುದ್ರಿಕೆಗಳಲ್ಲಿ ಆತನ ಒಂಟಿ ವಾದನವೆಂದು ಹೇಳಬಹುದಾದದ್ದು 1969ರ 'ಅಬ್ಬೆ ರೋಡ್' ಆಲ್ಬಂನಲ್ಲಿರುವ ಒಂದೇ ಒಂದು. ಇನ್ನು ಅಬ್ಬರದ ಏಟಿಗೆ ಹೆಸರಾದ ಜಾನ್ ಬಾನಮ್ 1980ರಲ್ಲಿ ತೀರಿಕೊಂಡಾಗ ಲೆಡ್ ಝೆಪೆಲಿನ್ ತಂಡ ಬೇರೊಬ್ಬ ಡ್ರಮ್ಮರನನ್ನು ಹುಡುಕದೆ ಅದೇ ವರ್ಷ ವಾದ್ಯ ಕೆಳಗಿಟ್ಟಿತು. ತಾಳ ಹಿಡಿದವನ ಬೆಲೆ ಎಷ್ಟೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಒಂದು ವ್ಯತ್ಯಾಸ ಮಾತ್ರ ದೊಡ್ಡದು. ಅಲ್ಲಿ ವಾದ ತಾರಕಕ್ಕೇರಿದರೆ ಧ್ವನಿಮುದ್ರಿಕೆ ಹಾಕಿ ಕೇಳಬಹುದು. ಇಲ್ಲಿನ ಹಳೆಯ ಡೊಳ್ಳಿನ ಕುಣಿತಗಳಲ್ಲಿ ಹೆಚ್ಚಿನವು ಯಾವ ಕ್ಯಾಸೆಟ್ಟಿನಲ್ಲೂ ಇಲ್ಲ. ಕಟ್ಟೆಯ ಮೇಲೆ ಕುಳಿತವರ ನೆನಪೇ ಕ್ಯಾಸೆಟ್ಟು. ಮೂವತ್ತು ವರ್ಷದ ಹಿಂದಿನ ಒಂದು ರಾತ್ರಿಯ ನಡೆಯನ್ನು ತೊಡೆಯ ಮೇಲೆ ತಟ್ಟಿ ತೋರಿಸುವ ಹಿರಿಯರು ಒಬ್ಬೊಬ್ಬರಾಗಿ ಕಣ್ಮರೆಯಾದಂತೆ ಆ ಧ್ವನಿಮುದ್ರಿಕೆಯೂ ಅಳಿಯುತ್ತದೆ.

ಅಜ್ಜಂಪುರದ ದಾರಿಯಲ್ಲಿ

ಮತ್ತೆ ಬೀರೂರಿಗೆ ಬಂದು ಹುಬ್ಬಳ್ಳಿಯ ಹಳಿ ಹಿಡಿದರೆ ಅಜ್ಜಂಪುರ. ಹಿಂದೆ ತರೀಕೆರೆಗೆ ಸೇರಿದ್ದ ಇದು ಈಗ ತಾಲ್ಲೂಕು ಕೇಂದ್ರ. ಈರುಳ್ಳಿಗೆ ಹೆಸರಾದ ಊರು. ಅಮೃತಮಹಲ್ ರಾಸುಗಳ ತಳಿ ಸಂವರ್ಧನೆ ಕೇಂದ್ರವೂ ಇಲ್ಲಿದೆ. ಅಂತರಘಟ್ಟೆಯ ದುರ್ಗಾಂಬೆಯ ಜಾತ್ರೆಗೆ ಸಿಂಗರಿಸಿದ ಎತ್ತಿನ ಗಾಡಿಗಳು ಸಾಲುಗಟ್ಟಿ ಹೋಗುವುದು ಈ ಕಡೆಯ ಸೊಗಸು. ಎತ್ತಿನ ಸುಳಿ, ಕೊಂಬು, ನಡಿಗೆಯನ್ನು ನೋಡಿ ಬೆಲೆ ಕಟ್ಟುವ ರೈತರು ಏಟಿನ ನಡಿಗೆಗೂ ಹಾಗೆಯೇ ಬೆಲೆ ಕಟ್ಟುತ್ತಾರೆ.

ಆದರೆ ಎತ್ತಿನ ಒಡೆಯನ ಹೆಸರು ಎಲ್ಲರಿಗೂ ಗೊತ್ತಿರುತ್ತದೆ. ತಮಟೆ ಬಾರಿಸಿದವನ ಹೆಸರು? ನಾಡಿನ ಬಹಳಷ್ಟು ಹಳ್ಳಿಗಳಲ್ಲಿ ತಮಟೆ ದಲಿತರ ಮೇಲೆ ಹೊರಿಸಿದ ಕರ್ತವ್ಯವಾಗಿತ್ತು. ದೇವರ ಉತ್ಸವಕ್ಕೆ ಅವರ ಏಟು ಬೇಕು, ಗುಡಿಯೊಳಗೆ ಅವರು ಬೇಡ ಎಂಬ ಅನ್ಯಾಯದ ವಿರುದ್ಧ ತಮಟೆ ಬಾರಿಸುವುದಿಲ್ಲವೆಂದು ಎದ್ದು ನಿಂತವರೂ ಉಂಟು. ಅದೇ ತಮಟೆಗಾಗಿ ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದಿತು. 'ಬಾರಿಸುವವನು' ಎಂದಷ್ಟೇ ಕರೆಸಿಕೊಳ್ಳುತ್ತಿದ್ದವರು 'ಕಲಾವಿದರು' ಎನಿಸಿಕೊಳ್ಳಲು ಇಷ್ಟು ಕಾಲ ಹಿಡಿಯಿತು. ಯಾರ ಕೈ ಮೇಲು ಎಂಬ ಚರ್ಚೆ ಕೈಯನ್ನು ಹೊಗಳಿ ಮನುಷ್ಯನನ್ನು ಮರೆತರೆ ಅರ್ಧಕ್ಕೇ ನಿಂತಂತೆ.

ಮಗ ಡೊಳ್ಳು ಹಿಡಿದರೆ ಓದು ಕೆಟ್ಟೀತೆಂದು ಅಂಜುವ ತಂದೆತಾಯಿಗಳಿದ್ದಾರೆ. ಅಂಕಗಳ ಕಾಲದಲ್ಲಿ ಆ ಅಂಜಿಕೆ ಅಸಹಜವೇನಲ್ಲ. ಆದರೆ ಹನ್ನೆರಡು ಮಂದಿಯ ನಡುವೆ ತನ್ನ ಸರದಿಗಾಗಿ ಕಾಯುವುದು, ಬೇರೆಯವರ ಉಸಿರನ್ನು ಕೇಳುವುದು, ಬಿಡುವಿನ ಜಾಗದಲ್ಲಿ ಕೈ ತಡೆಯುವುದು, ಇವೂ ಒಂದು ಪಾಠವೇ.

ಬಾರಿಸಲು ಬಾರದ ಮಕ್ಕಳಿಗೂ ಕೆಲಸವಿದೆ. ಮನೆಯಲ್ಲಿರುವ ಮೊಬೈಲಿನಲ್ಲಿ, ವಾದಕರ ಒಪ್ಪಿಗೆ ಪಡೆದು, ಊರಿನ ಜಾತ್ರೆಯ ಒಂದು ನಡೆಯನ್ನು ಪೂರ್ತಿಯಾಗಿ ಮುದ್ರಿಸಿಕೊಳ್ಳಲಿ. ಒಂದು ನೋಟ್ ಪುಸ್ತಕದಲ್ಲಿ ತಾರೀಖು, ಊರು, ವಾದ್ಯ ಬರೆದು, ಬಾರಿಸಿದವರ ಹೆಸರನ್ನು ಅವರ ಬಾಯಿಂದಲೇ ಕೇಳಿ ಬರೆದುಕೊಳ್ಳಲಿ. ಮರುದಿನ ಅದನ್ನು ಕಟ್ಟೆಯ ಹಿರಿಯರಿಗೆ ಕೇಳಿಸಿ, ಎಲ್ಲಿ ಸರಿ, ಎಲ್ಲಿ ತಪ್ಪು ಎಂದು ಕೇಳಲಿ. ಅವರು ಒಪ್ಪುವುದಿಲ್ಲ, ಜಗಳ ತೆಗೆಯುತ್ತಾರೆ. ಅದನ್ನೂ ಬರೆದುಕೊಳ್ಳಲಿ.