ಬಿಟ್ಟುಬಿಡುವುದೂ ಬಿಟ್ಟುಕೊಡುವುದೂ

ಕನ್ನಡ ಮಾಧ್ಯಮದ ಹೈಸ್ಕೂಲುಗಳಲ್ಲಿ ಇಂಗ್ಲಿಷಿನ ಫ್ರೇಸಲ್ ವರ್ಬ್ ಕಲಿಸುವ ಬಗೆ ಹೆಚ್ಚುಕಡಿಮೆ ಎಲ್ಲ ಕಡೆ ಒಂದೇ. ಹಲಗೆಯ ಎಡಕ್ಕೆ ‘ಗಿವ್ ಅಪ್’, ಬಲಕ್ಕೆ ‘ಅಬಾಂಡನ್’. ಎಡಕ್ಕೆ ‘ಪುಟ್ ಆಫ್’, ಬಲಕ್ಕೆ ‘ಪೋಸ್ಟ್‌ಪೋನ್’. ಪಟ್ಟಿ ಸುಳ್ಳಲ್ಲ, ಆದರೆ ಅದನ್ನು ನಂಬಿ ನಡೆದವರು ಬೇಗ ಎಡವುತ್ತಾರೆ. ಅಣ್ಣಿಗೇರಿ ಬಸ್ಸಿನಲ್ಲಿ ಮುದುಕಿಗೆ ಜಾಗ ಬಿಟ್ಟುಕೊಟ್ಟ ಹುಡುಗ ಸೀಟನ್ನು ‘ಅಬಾಂಡನ್’ ಮಾಡಿದನೆಂದು ಬರೆದರೆ ಇಂಗ್ಲಿಷ್ ಬಲ್ಲವರು ನಗುತ್ತಾರೆ. ಬೀಡಿ ಬಿಟ್ಟವನು, ಮೋಡ ನೋಡಿ ನೋಡಿ ಸೋತು ಕೈಚೆಲ್ಲಿದ ರೈತ, ಪೊಲೀಸರಿಗೆ ಶರಣಾದ ಕಳ್ಳ, ಎಲ್ಲರಿಗೂ ಇಂಗ್ಲಿಷು ‘ಗಿವ್ ಅಪ್’ ಅನ್ನುತ್ತದೆ. ಕನ್ನಡ ಮಾತ್ರ ಒಬ್ಬೊಬ್ಬರಿಗೂ ಬೇರೆ ಮಾತು ಇಟ್ಟುಕೊಂಡಿದೆ. ಬಿಟ್ಟುಕೊಡುವಾಗ ಎದುರಿಗೆ ತೆಗೆದುಕೊಳ್ಳುವವರೊಬ್ಬರು ಇರಬೇಕು. ಬಿಟ್ಟುಬಿಡುವಾಗ ಯಾರೂ ಬೇಕಿಲ್ಲ. ಕೈಚೆಲ್ಲುವವನಿಗೆ ಬಿಡುವ ಮನಸ್ಸೇ ಇರಲಿಲ್ಲ. ಸಮಾನಾರ್ಥಕ ಪದವು ಎರಡು ಮಾತುಗಳ ನಡುವೆ ಸಮಾನವಾದದ್ದನ್ನಷ್ಟೇ ತೋರಿಸುತ್ತದೆ. ಇಂಥ ಕೂಡುಮಾತುಗಳ ಜೀವ ಇರುವುದು ಸಮಾನವಲ್ಲದ ಭಾಗದಲ್ಲಿ. ಈ ಭಾಗವನ್ನು ಹಿಡಿಯುವ ಶಕ್ತಿ ನವಲಗುಂದ, ಕುಂದಗೋಳದ ಹಳ್ಳಿಯ ಮಗುವಿಗೆ ಶಾಲೆಗೆ ಬರುವ ಮೊದಲೇ ಬಂದಿರುತ್ತದೆ. ಪಾಠ ಅಲ್ಲಿಂದಲೇ ಶುರುವಾಗಬೇಕು ಎಂಬುದು ನನ್ನ ವಾದ.

‘ಹೇಳು’ ಎಂಬ ಒಂದೇ ಕ್ರಿಯಾಪದವನ್ನು ತೆಗೆದುಕೊಳ್ಳಿ. ಗುಟ್ಟು ತಡೆಯಲಾಗದೆ ಹೇಳಿಬಿಟ್ಟ. ಲೆಕ್ಕ ಬಾರದವನಿಗೆ ಹೇಳಿಕೊಟ್ಟ. ಜಗಳದ ಮಾತಿನಲ್ಲಿ ಬಂದರೆ ಇದೇ ‘ಹೇಳಿಕೊಟ್ಟ’ ಚಿತಾವಣೆಯೂ ಆಗುತ್ತದೆ. ಕಷ್ಟವನ್ನು ಹೇಳಿಕೊಂಡ. ನಾಳಿನ ಕೆಲಸಕ್ಕೆ ಆಳುಗಳಿಗೆ ಇವತ್ತೇ ಹೇಳಿಟ್ಟ. ಕೇಳುವವನಲ್ಲ ಎಂದು ಗೊತ್ತಿದ್ದೂ ಒಂದು ಮಾತು ಹೇಳಿನೋಡಿದ. ತಾನು ಹೋಗಲಾಗದ್ದಕ್ಕೆ ಹೇಳಿಕಳಿಸಿದ. ಇವಕ್ಕೆಲ್ಲ ‘ತಿಳಿಸು’ ಎಂಬ ಸಮಾನಾರ್ಥಕವನ್ನು ಹೊಂದಿಸಿದರೆ ಉಳಿಯುವುದು ಸಿಪ್ಪೆ. ಮಾತಾಡಿದವನ ಅವಸರ, ಉಪಕಾರ, ಸಂಕಟ, ಮುಂಜಾಗ್ರತೆ ಎಲ್ಲವೂ ಎರಡನೆಯ ಪದದಲ್ಲಿ ಕೂತಿವೆ. ಈ ಎರಡನೆಯ ಪದಗಳನ್ನು ಯಾವ ತಾಯಿಯೂ ಅರ್ಥ ಬರೆಸಿ ಕಲಿಸುವುದಿಲ್ಲ, ಸಂದರ್ಭವೇ ಕಲಿಸುತ್ತದೆ.

ಧಾರವಾಡದ ಸೀಮೆಗೆ ಬಂದರೆ ಇನ್ನೂ ಒಳ್ಳೆಯ ಉದಾಹರಣೆ ಸಿಗುತ್ತದೆ. ಹಳೆಗನ್ನಡದ ‘ಪತ್ತು’ ಎಂದರೆ ಅಂಟು, ತಗುಲು. ಅದೇ ಇಂದಿನ ‘ಹತ್ತು’. ಬೆಂಕಿ ಹತ್ತುತ್ತದೆ, ನಿದ್ದೆ ಹತ್ತುತ್ತದೆ, ಸಾಲಗಾರ ಬೆನ್ನು ಹತ್ತುತ್ತಾನೆ, ಊರ ದಾರಿ ಹತ್ತುತ್ತೇವೆ, ಬಸ್ಸನ್ನೂ ಹತ್ತುತ್ತೇವೆ. ಅಂಟಿಸುವ ಕೆಲಸಕ್ಕೆ ‘ಹಚ್ಚು’: ಕಲಘಟಗಿಯ ತೊಟ್ಟಿಲಿಗೆ ಬಣ್ಣ ಹಚ್ಚುತ್ತಾರೆ, ಕುಂದಗೋಳದ ಹೊಲದಲ್ಲಿ ಮೆಣಸಿನ ಸಸಿ ಹಚ್ಚುತ್ತಾರೆ, ಮಗುವನ್ನು ಸಾಲಿಗೆ ಹಚ್ಚುತ್ತಾರೆ, ಬೆಂಗಳೂರಿಗೆ ಹೋದ ಮಗನಿಗೆ ಫೋನು ಹಚ್ಚುತ್ತಾರೆ. ‘ಮಳಿ ಬರಾಕತ್ತೇತಿ’ ಎನ್ನುವಾಗಲಂತೂ ‘ಹತ್ತು’ ಅರ್ಥವನ್ನೇ ಕಳಚಿಟ್ಟು ಬರೀ ಕಾಲವನ್ನು ಸೂಚಿಸುತ್ತದೆ. ಮೈಸೂರಿನವರು ‘ಬರ್ತಾ ಇದೆ’ ಎಂದು ‘ಇರು’ವಿನಿಂದ ಮಾಡಿಸುವ ಕೆಲಸವನ್ನು ಇಲ್ಲಿ ಅದು ಮಾಡುತ್ತಿದೆ. ಇಂಗ್ಲಿಷಿನ ‘ಅಪ್’ ನಡೆದ ದಾರಿಯೂ ಇದೇ. ‘ಈಟ್ ಅಪ್’ ಎಂದಾಗ ಯಾವುದೂ ಮೇಲಕ್ಕೆ ಹೋಗುವುದಿಲ್ಲ. ತಟ್ಟೆ ಖಾಲಿಯಾಗುತ್ತದೆ, ಅಷ್ಟೆ. ನಮ್ಮಲ್ಲಿ ‘ಉಂಡುಬಿಡು’ ಎಂದಾಗ ‘ಬಿಡು’ ಮಾಡುವುದೂ ಅದನ್ನೇ. ಹೀಗೆ ನೋಡಿದರೆ ‘ಯೂಸ್ ಅಪ್’, ‘ಡ್ರಿಂಕ್ ಅಪ್’ ಬೇರೆ ಬೇರೆ ಬಾಯಿಪಾಠದ ಸಾಲುಗಳಲ್ಲ, ಒಂದೇ ಕುಟುಂಬ.

ಇಂಗ್ಲಿಷರಿಗೂ ಇದರ ತೊಡಕು ಗೊತ್ತಿತ್ತು. 1755ರ ತನ್ನ ನಿಘಂಟಿನ ಮುನ್ನುಡಿಯಲ್ಲಿ ಸ್ಯಾಮ್ಯುಯೆಲ್ ಜಾನ್ಸನ್, ಕ್ರಿಯಾಪದಕ್ಕೆ ಪುಟ್ಟ ಪದವೊಂದನ್ನು ಅಂಟಿಸಿ ಅರ್ಥ ಬದಲಿಸುವ ಈ ರೂಢಿಯೇ ಪರಭಾಷಿಕರಿಗೆ ಅತಿ ಕಷ್ಟದ್ದು ಎಂದ. ಬೇರೆ ಯಾವ ಭಾಷೆಯಲ್ಲೂ ಇದು ಬಹುಶಃ ಇಷ್ಟಿರಲಿಕ್ಕಿಲ್ಲ ಎಂದೂ ಸೇರಿಸಿದ. ಪಾಪ, ಅವನಿಗೆ ನವಲಗುಂದದ ಕನ್ನಡ ಕೇಳುವ ಯೋಗ ಇರಲಿಲ್ಲ. ‘ಫ್ರೇಸಲ್ ವರ್ಬ್’ ಎಂಬ ಹೆಸರು ಮುದ್ರಣದಲ್ಲಿ ನೆಲೆಗೊಂಡದ್ದು 1925ರಲ್ಲಿ, ಲೋಗನ್ ಪಿಯರ್ಸಾಲ್ ಸ್ಮಿತ್‌ನ ಪುಸ್ತಕದಿಂದ. ಇತ್ತ 1894ರಲ್ಲಿ ಮಂಗಳೂರಿನಿಂದ ಹೊರಬಂದ ಕಿಟೆಲ್‌ನ ಕನ್ನಡ-ಇಂಗ್ಲಿಷ್ ನಿಘಂಟು ಅರ್ಥ ಕೊಟ್ಟು ಸುಮ್ಮನಾಗಲಿಲ್ಲ. ಪ್ರಯೋಗಗಳನ್ನೂ ಗಾದೆಗಳನ್ನೂ ತುಂಬಿತು. ಪದಕ್ಕೆ ಪದ ಇಟ್ಟರೆ ಸಾಲದು ಎಂಬುದಕ್ಕೆ ನಿಘಂಟುಕಾರನದೇ ಸಾಕ್ಷ್ಯ ಇದು.

ಇದಕ್ಕೆ ಮೊದಲ ಆಕ್ಷೇಪ ವ್ಯಾಕರಣ ಬಲ್ಲವರಿಂದ ಬರುತ್ತದೆ: ಕನ್ನಡದ್ದು ಕ್ರಿಯೆಗೆ ಕ್ರಿಯೆ ಕೂಡುವ ರಚನೆ, ಇಂಗ್ಲಿಷಿನದು ಕ್ರಿಯೆಗೆ ಅವ್ಯಯ ಕೂಡುವುದು, ಹೋಲಿಕೆ ದಾರಿ ತಪ್ಪಿಸೀತು. ರಚನೆ ಬೇರೆ ಎಂಬುದು ನಿಜ. ಆದರೆ ದಿಕ್ಕಿನ ಪದ ಕೂಡಿಸುವುದೂ ನಮಗೆ ಹೊಸದಲ್ಲ. ಮದುವೆಯನ್ನು ಮುಂದಕ್ಕೆ ಹಾಕುತ್ತೇವೆ. ‘ಪುಟ್ ಆಫ್’ ಎಂಬುದಕ್ಕೆ ಇದಕ್ಕಿಂತ ಹತ್ತಿರದ ನೆಂಟ ಬೇಕೆ? ಓದಿನಲ್ಲಿ ಹಿಂದೆ ಬೀಳುವುದು ಒಂದು, ಹುಡುಗಿಯ ಹಿಂದೆ ಬೀಳುವುದು ಇನ್ನೊಂದು. ಒಂದೇ ಜೋಡಿಪದ ಎರಡು ದಿಕ್ಕಿಗೆ ಎಳೆಯುವುದನ್ನು ಎಂಟನೆಯ ಇಯತ್ತೆಯ ಹುಡುಗರಿಗೆ ವಿವರಿಸುವ ಗರಜೇ ಇಲ್ಲ. ಮಳೆ ಕೈಕೊಟ್ಟಿತು ಎಂದರೆ ಮೋಸ, ಚೀಲ ಎತ್ತಲು ಒಂದು ಕೈ ಕೊಡು ಎಂದರೆ ನೆರವು. ಇಷ್ಟನ್ನು ಸಲೀಸಾಗಿ ನಿಭಾಯಿಸುವ ತಲೆಗೆ ‘ಟೇಕ್ ಆಫ್’ ವಿಮಾನಕ್ಕೂ ಅಂಗಿಗೂ ಸಲ್ಲುವುದು ಆಶ್ಚರ್ಯವಾಗಬೇಕಿಲ್ಲ.

ಎರಡನೆಯ ಆಕ್ಷೇಪ ಮರ್ಯಾದೆಯದು. ‘ಬರಾಕತ್ತಾನ’ ಎಂದ ಮಗುವನ್ನು ‘ಬರುತ್ತಿದ್ದಾನೆ’ ಎಂದು ತಿದ್ದುವ ಶಾಲೆಯಲ್ಲಿ ಆಡುಮಾತನ್ನು ಪಾಠಕ್ಕೆ ತರುವುದು ಹೇಗೆ? ಪಂಪನ ತಾಯಿಯ ಮನೆತನ ಅಣ್ಣಿಗೇರಿಯದು, ಅವನು ಮೆಚ್ಚಿ ಹೇಳಿದ ಪುಲಿಗೆರೆಯ ತಿರುಳ್ಗನ್ನಡ ಇಲ್ಲೇ ಪಕ್ಕದ ಲಕ್ಷ್ಮೇಶ್ವರದ್ದು ಎಂದು ಎದೆ ತಟ್ಟಬಹುದು. ಆದರೆ ಸಾವಿರ ವರ್ಷದ ಹಿಂದಿನ ಹೊಗಳಿಕೆ ಇಂದಿನ ತರಗತಿಗೆ ಆಧಾರವಾಗದು. ಉಪಯೋಗದ ಮಾತೇ ಸಾಕು. ಬರವಣಿಗೆಗೆ ಶಿಷ್ಟರೂಪ ಇರಲಿ. ಅರ್ಥ ಹಿಡಿಸುವುದಕ್ಕೆ ಮಗುವಿನ ಬಾಯಲ್ಲಿರುವ ರೂಪಕ್ಕಿಂತ ಚುರುಕಾದ ಸಾಧನ ಮೇಷ್ಟ್ರ ಕೈಯಲ್ಲಿಲ್ಲ.

ಪರೀಕ್ಷೆಯ ಆಕ್ಷೇಪವೇ ನಿಜವಾಗಿ ಗಟ್ಟಿ. ಒಂದು ಅಂಕದ ಪ್ರಶ್ನೆಗೆ ಒಂದು ಪದದ ಉತ್ತರ ಸಾಕು, ಪಟ್ಟಿ ಆ ಅಂಕವನ್ನು ತಂದುಕೊಡುತ್ತದೆ. ಬೇಡ ಎನ್ನಲಾರೆ. ಆದರೆ ಸರ್ಕಾರಿ ಶಾಲೆಗಳಲ್ಲಿ ಒಂದನೆಯ ತರಗತಿಗೇ ಇಂಗ್ಲಿಷ್ ತಂದದ್ದು 2007ರಲ್ಲಿ, ಅದೂ ಆ ಒಂದು ಅಂಕಕ್ಕಾಗಿ ಅಲ್ಲ. ಕನ್ನಡದ ನೆರವು ಎಲ್ಲ ಕಡೆಗೂ ಎಟುಕುವುದಿಲ್ಲ ಎಂಬುದನ್ನೂ ಒಪ್ಪಬೇಕು. ‘ಹೇಳಿಬಿಡು’ ಎಂಬುದರ ನಡುವೆ ನಾವು ಕರ್ಮಪದವನ್ನು ತುರುಕುವುದಿಲ್ಲ. ಇಂಗ್ಲಿಷು ‘ಪುಟ್ ಇಟ್ ಆಫ್’ ಎಂದು ಜೋಡಿಯನ್ನು ಸೀಳಿ ಕೂರುತ್ತದೆ, ‘ಪುಟ್ ಆಫ್ ಇಟ್’ ಎಂದರೆ ತಪ್ಪೆನ್ನುತ್ತದೆ. ಅದಕ್ಕೆ ನಮ್ಮ ಮನೆಮಾತಿನಲ್ಲಿ ಜೋಡಿಯಿಲ್ಲ. ಆ ಒಂದನ್ನು ಉರು ಹೊಡೆದೇ ಕಲಿಯಬೇಕು.