ಪರದೇಶದ ಜೇಬುಗಳ್ಳರು

ಪರದೇಶದ ಜೇಬುಗಳ್ಳನು ಮೊದಲು ಕದಿಯುವುದು ನಮ್ಮ ಗಮನವನ್ನು; ಹಣವನ್ನು ಆಮೇಲೆ. ಪ್ಯಾರಿಸಿನ ಮಾಂಮಾರ್ತ್ರ್ ಗುಡ್ಡದ ಮೆಟ್ಟಿಲ ಬಳಿ ಒಬ್ಬನು ನಗುತ್ತ ನನ್ನ ಬೆರಳಿಗೆ ಬಣ್ಣದ ದಾರ ಸುತ್ತಲು ಬಂದನು. ದಾರ ಬಿಗಿದ ಮೇಲೆ ಕೈ ಅವನ ವಶ. ಬೆಲೆ ಅವನು ಹೇಳಿದಷ್ಟು. ನಾನು ಕೈಗಳನ್ನು ಜೇಬಿನಲ್ಲಿಟ್ಟು ನಿಲ್ಲದೆ ನಡೆದೆ. ಸೇನ್ ನದಿಯ ದಡದಲ್ಲಿ ಒಬ್ಬಳು ಉಂಗುರವೊಂದನ್ನು ಹೆಕ್ಕಿದಂತೆ ನಟಿಸಿ, ನನ್ನದೇ ಎಂದು ಕೇಳಿದಳು. ಅದು ಬರಿಯ ಹಿತ್ತಾಳೆ. ಅಲ್ಲಿಯವರಿಗೂ ಈ ಕಾಟ ತಪ್ಪಿದ್ದಲ್ಲ: 2013ರ ಏಪ್ರಿಲಿನಲ್ಲಿ ಜೇಬುಗಳ್ಳರ ಹಾವಳಿ ತಾಳಲಾರದೆ ಲೂವ್ರ್ ವಸ್ತುಸಂಗ್ರಹಾಲಯದ ನೌಕರರೇ ಕೆಲಸ ನಿಲ್ಲಿಸಿ, ಒಂದು ದಿನ ಬಾಗಿಲು ಮುಚ್ಚಿತ್ತು. ಪಾಸ್‌ಪೋರ್ಟು ಒಳಜೇಬಿನಲ್ಲಿರಲಿ, ಹೊರಗೆ ದಿನದ ಖರ್ಚಿಗಾಗುವಷ್ಟೇ ಹಣ ಸಾಕು. ಹಾಗೆಂದು ಎಲ್ಲರನ್ನೂ ಸಂದೇಹಿಸಬೇಕೆ? ನಾನಾಗಿ ದಾರಿ ಕೇಳಿದವರಲ್ಲಿ ಯಾರೂ ಮೋಸ ಮಾಡಲಿಲ್ಲ. ತಾನಾಗಿ ಬಂದು ಮೈಮುಟ್ಟುವ ಸ್ನೇಹದ ವಿಷಯದಲ್ಲಿ ಮಾತ್ರ ಎಚ್ಚರವಿರಲಿ.