ವನಭೋಜನದ ದಾರಿ

ಶರದೃತು ಬಂದಾಗ ಮನೆಯೊಳಗೆ ಕುಳಿತಿರಬಾರದೆಂಬುದು ನಮ್ಮ ಹಿರಿಯರ ಮತವಾಗಿದ್ದಿತೆಂದು ತೋರುತ್ತದೆ. ಆಗ ಆಕಾಶ ತೊಳೆದಿಟ್ಟಂತಿರುತ್ತದೆ. ಕೆರೆಯಲ್ಲಿ ನೀರಿರುತ್ತದೆ, ಹೊಲದಲ್ಲಿ ಪೈರಿರುತ್ತದೆ. ಬಿಸಿಲು ಸುಡುವುದಿಲ್ಲ, ಚಳಿ ಇನ್ನೂ ನಡುಗಿಸುವುದಿಲ್ಲ. ಆದುದರಿಂದಲೇ ಕಾರ್ತಿಕದಲ್ಲಿ ಮನೆಮಂದಿಯೆಲ್ಲ ಊರ ಹೊರಗೆ ಹೋಗಿ ನೆಲ್ಲಿಯ ಮರದ ನೆರಳಿನಲ್ಲಿ ಉಣ್ಣಬೇಕೆಂದು ವಿಧಿಸಿ, ಅದಕ್ಕೆ ವನಭೋಜನವೆಂದು ಹೆಸರಿಟ್ಟರು. ಸುಮ್ಮನೆ ತಿರುಗಾಡಿ ಬನ್ನಿರೆಂದರೆ ಕೇಳದ ಜನ ಪುಣ್ಯ ಬರುವುದೆಂದರೆ ಕೇಳುತ್ತಾರೆ. ಈ ಮರ್ಮ ಅವರಿಗೆ ತಿಳಿದಿತ್ತು.

ನಮ್ಮ ಮನೆಯಲ್ಲಿ ಈ ಪದ್ಧತಿ ನಿಂತುಹೋಗಿ ಬಹಳ ವರ್ಷಗಳಾಗಿದ್ದುವು. ನಿಲ್ಲಿಸಿದವನು ನಾನೇ. ನಾವಿರುವುದು ಬೆಂಗಳೂರಿನ ಉತ್ತರಕ್ಕಿರುವ ಸಹಕಾರನಗರದಲ್ಲಿ. ಅಲ್ಲಿಂದ ನಂದಿಯ ಬೆಟ್ಟ ಸುಮಾರು 50 ಕಿಲೋಮೀಟರು. ಮಳೆ ಬಿದ್ದು ಗಾಳಿ ತಿಳಿಯಾದ ಬೆಳಿಗ್ಗೆ ಎತ್ತರದ ಮಹಡಿಯಿಂದ ನೋಡಿದರೆ ಅದರ ನೀಲಿಯ ಬೆನ್ನು ಕಾಣುವುದೂ ಉಂಟು. ಆ ಬೆಟ್ಟದ ಬುಡದ ಒಂದು ಹಳ್ಳಿ ನಮ್ಮ ತಾಯಿಯ ತವರು. ನಮ್ಮ ತಂದೆಯವರು ಬದುಕಿದ್ದಾಗ, "ಈ ಕಾರ್ತಿಕದಲ್ಲಿ ನಂದಿಯ ಕಡೆಗೆ ಹೋಗಿ ಬುತ್ತಿ ಉಂಡು ಬರೋಣವೇ?" ಎಂದು ಕೇಳಿದರು. "ನೋಡೋಣ" ಎಂದೆ. ಮರುವರ್ಷವೂ ಕೇಳಿದರು, ಕಚೇರಿಯಲ್ಲಿ ಕೆಲಸವಿತ್ತು. ಮೂರನೆಯ ವರ್ಷ ಕೇಳಿದಾಗ ನಾನು ಏನು ನೆಪ ಹೇಳಿದೆನೋ ನೆನಪಿಲ್ಲ. ನಾಲ್ಕನೆಯ ಕಾರ್ತಿಕಕ್ಕೆ ಕೇಳಲು ಅವರಿರಲಿಲ್ಲ. ಅಮ್ಮ ಇದನ್ನು ಕುರಿತು ಒಂದು ಮಾತನ್ನೂ ಆಡಲಿಲ್ಲ. ಆಡಿದ್ದರೆ ನನ್ನ ಮನಸ್ಸು ಹಗುರವಾಗುತ್ತಿತ್ತೇನೋ.

ಹೋದ ವರ್ಷ ದೀಪಾವಳಿ ಕಳೆದ ವಾರ ಅಮ್ಮ ತಾನಾಗಿ ಬಾಯಿಬಿಟ್ಟಳು. ಅವಳಿಗೆ ಎಂಬತ್ತು ದಾಟಿದೆ. ಅಕ್ಷಿಪಟಲ ಸವೆದು, ಕಣ್ಣಿಗೆ ನೆರಳು ಬೆಳಕುಗಳಷ್ಟೆ ಗೋಚರವಾಗುತ್ತವೆ; ಎದುರಿಗಿರುವವರ ಮುಖ ಕಾಣುವುದಿಲ್ಲ. "ನನಗೆ ಏನೂ ಕಾಣುವುದಿಲ್ಲವಪ್ಪಾ, ಬಲ್ಲೆ. ಆದರೂ ಒಂದು ಸಲ ಕರೆದುಕೊಂಡು ಹೋಗು" ಎಂದಳು. ಈ ಸಾರಿ ನಾನು "ನೋಡೋಣ" ಎನ್ನಲಿಲ್ಲ.

ಭಾನುವಾರ ಬೆಳಿಗ್ಗೆ ಆರಕ್ಕೆ ನಮ್ಮ ದಂಡು ಹೊರಟಿತು. ನನ್ನ ಹೆಂಡತಿ ಪುಳಿಯೋಗರೆ, ಮೊಸರನ್ನ, ಕೋಸಂಬರಿಗಳನ್ನು ಸಿದ್ಧಪಡಿಸಿದ್ದಳು. ಕಾರು ನಡೆಸುವವನು ಮಗ. ಹಿಂದಿನ ಆಸನದಲ್ಲಿ ಅಜ್ಜಿಯ ಪಕ್ಕದಲ್ಲಿ ಹತ್ತು ವರ್ಷದ ಮಗಳು. ಹೊರಡುವ ಮೊದಲೇ ಚರ್ಚೆಯಾಯಿತು. ಮಗ ತನ್ನ ಫೋನಿನಲ್ಲಿ ನಕ್ಷೆ ತೋರಿಸಿ, "ಬಳ್ಳಾರಿ ರಸ್ತೆಯ ಹೆದ್ದಾರಿ ಹಿಡಿದರೆ ಒಂದು ಗಂಟೆ" ಎಂದನು. ಅಮ್ಮ ಒಪ್ಪಲಿಲ್ಲ. "ಅದು ವಿಮಾನಕ್ಕೆ ಹೋಗುವವರ ದಾರಿ. ನಮಗೆ ಯಲಹಂಕದ ಮೇಲೆ ದೊಡ್ಡಬಳ್ಳಾಪುರ, ಅಲ್ಲಿಂದ ನಂದಿ" ಎಂದಳು. ದೊಡ್ಡಬಳ್ಳಾಪುರದಲ್ಲಿ ಅವಳ ಅಕ್ಕನ ಮನೆಯಿದ್ದಿತು. ತವರಿಗೆ ಹೋಗುವಾಗ ಅಲ್ಲಿ ಒಂದು ರಾತ್ರಿ ತಂಗದೆ ಮುಂದೆ ಹೋದವಳಲ್ಲ. ಮಗ ಮರುಮಾತನಾಡದೆ ಯಲಹಂಕದ ಕಡೆಗೆ ತಿರುಗಿಸಿದನು.

ಕೆಂಪೇಗೌಡರ ವಂಶದವರು ಆಳಿದ ಯಲಹಂಕವನ್ನೂ ಅದರಾಚೆಯ ರಾಜಾನುಕುಂಟೆಯನ್ನೂ ದಾಟುವವರೆಗೆ ವಿಶೇಷವೇನಿಲ್ಲ. ಎಲ್ಲೆಲ್ಲೂ ಅಂಗಡಿ, ಮಹಡಿ, ನಿವೇಶನಗಳ ಫಲಕ. ಅಮ್ಮ ಕಿಟಕಿಯ ಗಾಜನ್ನು ಇಳಿಸಿಕೊಂಡು ಮೌನವಾಗಿ ಕುಳಿತಿದ್ದಳು. ದೊಡ್ಡಬಳ್ಳಾಪುರವನ್ನು ಹೊಕ್ಕು ಒಂದು ಓಣಿಗೆ ತಿರುಗುತ್ತಲೆ ತಲೆಯೆತ್ತಿದಳು. ಮನೆಮನೆಯ ಒಳಗಿನಿಂದ ಮಗ್ಗದ ಸದ್ದು ಬರುತ್ತಿತ್ತು. ರೇಷ್ಮೆಯ ನೇಯ್ಗೆಗೆ ಹೆಸರಾದ ಊರು ಅದು. "ಅಕ್ಕನ ಮನೆಯ ಬೀದಿ ಇಂಥದೇ. ಈ ಸದ್ದಿನಲ್ಲಿ ನಿದ್ರೆ ಬರುವುದಿಲ್ಲವೆಂದು ನಿಮ್ಮಪ್ಪ ಬೆಳಗಿನವರೆಗೂ ಗೊಣಗುತ್ತಿದ್ದರು" ಎಂದು ನಕ್ಕಳು. ಅವರು ತೀರಿಕೊಂಡ ಮೇಲೆ ಅವರ ಮಾತನ್ನೆತ್ತಿ ಅವಳು ನಕ್ಕುದನ್ನು ನಾನು ಕೇಳಿದ್ದು ಅದೇ ಮೊದಲು.

ಊರು ದಾಟಿ ನಂದಿಯ ಕಡೆಗೆ ತಿರುಗಿದ ಮೇಲೆ ದಾರಿ ಕಿರಿದಾಯಿತು. ಎರಡು ಕಡೆಗೂ ಹೊಲ. ಎದುರಿಗೆ ಬಂಡಿಯೋ ಟ್ರ್ಯಾಕ್ಟರೋ ಬಂದರೆ ಒಬ್ಬರು ಪಕ್ಕಕ್ಕೆ ಸರಿಯಬೇಕು. ಆಗ ಅಮ್ಮ ಮೊಮ್ಮಗಳಿಗೆ, "ಪುಟ್ಟೀ, ಏನು ಕಾಣುತ್ತದೆ ಹೇಳುತ್ತಾ ಬಾ" ಎಂದಳು.

ಹುಡುಗಿ ಹೇಳತೊಡಗಿದಳು. "ಹಸಿರು ಗಿಡ ಅಜ್ಜಿ. ಅದರ ಮಧ್ಯೆ ಹಳದಿ ಹೂವು."

"ಹೂವು ಎಷ್ಟು ದೊಡ್ಡದು?"

"ರೂಪಾಯಿಯಷ್ಟು. ಸೂರ್ಯಕಾಂತಿಯ ಮರಿಯ ಹಾಗಿದೆ. ಸಾಲಾಗಿದೆ."

"ಅದು ಹುಚ್ಚೆಳ್ಳು. ಕೆಳಗಿರುವ ಗಿಡದ ತುದಿಯಲ್ಲಿ ಬೆರಳು ಮಡಿಸಿದ ಹಾಗೆ ತೆನೆಯಿದೆಯೆ? ಅದು ರಾಗಿ."

ನನ್ನ ಮಗಳು ದಿನವೂ ಮುದ್ದೆ ತಿನ್ನುವವಳು. ರಾಗಿಯ ತೆನೆಯನ್ನು ನೋಡಿರಲಿಲ್ಲ. ಅವಳನ್ನು ಆಕ್ಷೇಪಿಸುವ ಹಕ್ಕು ನನಗಿಲ್ಲ. ನಮ್ಮ ಮನೆಯ ಸಮೀಪದಲ್ಲಿಯೇ ಕೃಷಿ ವಿಶ್ವವಿದ್ಯಾನಿಲಯದ ಗಾಂಧಿ ಕೃಷಿ ವಿಜ್ಞಾನ ಕೇಂದ್ರವಿದೆ. ಅದರ ಬೇಲಿಯ ಪಕ್ಕದಲ್ಲಿ ಎಷ್ಟೋ ವರ್ಷ ಓಡಾಡಿದ ನಾನೂ ಒಳಗಿನ ಹೊಲವನ್ನು ನಿಂತು ನೋಡಿದವನಲ್ಲ. ಭಾರತದ ರಾಗಿಯನ್ನೂ ಆಫ್ರಿಕದ ರಾಗಿಯನ್ನೂ ಕೂಡಿಸಿ 'ಇಂಡಾಫ್' ಎಂಬ ತಳಿಗಳನ್ನು ಹುಟ್ಟಿಸಿದ ಲಕ್ಷ್ಮಣಯ್ಯನವರ ಹೆಸರನ್ನು ಕೂಡ ನಾನು ಕೇಳಿದ್ದು ತೀರ ಈಚೆಗೆ.

ಕಾರು ನಿಲ್ಲಿಸಿ ಇಳಿದೆವು. ರಾಗಿಯ ಕೆಲವು ಸಾಲುಗಳಿಗೊಮ್ಮೆ ಅವರೆ, ತೊಗರಿ, ಹುಚ್ಚೆಳ್ಳು, ಸಾಸಿವೆಗಳನ್ನು ಬೆರಸಿ ಬಿತ್ತಿದ ಒಂದು ಸಾಲು. ಹೊಲದ ಅಂಚಿಗೆ ಹರಳು. ಇದಕ್ಕೆ ಅಕ್ಕಡಿಯೆಂದು ಹೆಸರೆಂದು ಅಮ್ಮ ಹೇಳಿದಳು. ಮಳೆ ಕೈಕೊಟ್ಟು ರಾಗಿ ಒಣಗಿದರೂ ಅವರೆ, ತೊಗರಿಗಳಾದರೂ ಕೈಗೆ ಬರುತ್ತವೆ; ಬೇಳೆಗೂ ಎಣ್ಣೆಗೂ ಒಗ್ಗರಣೆಗೂ ಅಂಗಡಿಗೆ ಹೋಗಬೇಕಾಗಿಲ್ಲ. ಅವರೆ ತೊಗರಿಗಳ ಬೇರು ನೆಲಕ್ಕೆ ಸಾರಜನಕವನ್ನು ಕೂಡಿಸುತ್ತದೆಂದು ಈಗಿನ ವಿಜ್ಞಾನವೂ ಹೇಳುತ್ತದೆ. ಹುಚ್ಚೆಳ್ಳಿನ ಹೂವಿಗೆ ಜೇನ್ನೊಣಗಳು ಮುತ್ತಿದ್ದುವು. ಮನೆ ನಡೆಸುವ ವಿದ್ಯೆಯೆಲ್ಲ ಒಂದು ಹೊಲದಲ್ಲಿ ಬರೆದಿಟ್ಟಂತಿದ್ದಿತು.

ಅಮ್ಮ ಕೋಲೂರಿ ನಿಂತು ಮೂಗೆತ್ತಿ ಉಸಿರೆಳೆದಳು. "ಅವರೆಯ ಸೊಗಡು" ಎಂದಳು. ಆಗತಾನೆ ಕಾಯಿ ಕಟ್ಟುತ್ತಿದ್ದ ಬಳ್ಳಿಯ ಮೇಲೆ ಇಬ್ಬನಿ ಇನ್ನೂ ಆರಿರಲಿಲ್ಲ. ಇಬ್ಬನಿ ಬಿದ್ದಷ್ಟೂ ಸೊಗಡು ಹೆಚ್ಚೆಂಬುದು ರೈತರ ಮಾತು. ಹೆದ್ದಾರಿಯಲ್ಲಿ ಗಾಜು ಮುಚ್ಚಿಕೊಂಡು ಹೋಗಿದ್ದರೆ ಅಮ್ಮನ ಪಾಲಿಗೆ ಏನು ಸಿಗುತ್ತಿತ್ತು? ಬೆಟ್ಟ ಅವಳಿಗೆ ಕಾಣದು. ದೇವಾಲಯದ ಕೆತ್ತನೆ ಕಾಣದು. ಅವಳು ನೋಡಬಹುದಾದುದೆಲ್ಲ ದಾರಿಯಲ್ಲಿಯೇ ಇದ್ದಿತು.

ನಂದಿಗ್ರಾಮವನ್ನು ಸೇರಿದಾಗ ಹತ್ತು ಗಂಟೆ. ಭೋಗನಂದೀಶ್ವರನ ಗುಡಿಯನ್ನು ವಾಚಕರಲ್ಲಿ ಅನೇಕರು ಕಂಡಿರಬಹುದು. ಒಂಬತ್ತನೆಯ ಶತಮಾನದಷ್ಟು ಹಿಂದಿನದು; ನೊಳಂಬರು, ಬಾಣರು, ಚೋಳರು, ಹೊಯ್ಸಳರು, ವಿಜಯನಗರದವರು ಒಬ್ಬರಾದ ಮೇಲೊಬ್ಬರು ಅದನ್ನು ಬೆಳೆಸಿದರು. ಅರುಣಾಚಲೇಶ್ವರ ಶಿವನ ಬಾಲ್ಯವೆಂದೂ, ಭೋಗನಂದೀಶ್ವರ ಯೌವನವೆಂದೂ, ಬೆಟ್ಟದ ಮೇಲಿನ ಯೋಗನಂದೀಶ್ವರ ವೈರಾಗ್ಯವೆಂದೂ ಜನ ಹೇಳುತ್ತಾರೆ. ಕಲ್ಯಾಣಮಂಟಪದ ಕರಿಯ ಕಂಬಗಳನ್ನು ಅಮ್ಮ ಬೆರಳಿನಿಂದ ಮುಟ್ಟಿ ನೋಡಿದಳು. ಎಲೆ, ಬಳ್ಳಿ, ಗಿಣಿಗಳನ್ನು ಬೆರಳಿನ ತುದಿಯಲ್ಲಿ ಓದುತ್ತಾ ಒಂದು ಕಂಬದ ಬಳಿ ಬಹಳ ಹೊತ್ತು ನಿಂತಳು. ಮದುವೆಯಾದ ವರ್ಷ ತಂದೆಯವರೊಡನೆ ಅಲ್ಲಿ ಕುಳಿತಿದ್ದಳಂತೆ.

ಊಟಕ್ಕೆ ನೆಲ್ಲಿಯ ಮರ ಬೇಕಲ್ಲ! ಊರಾಚೆ ಒಂದು ಹೊಲದ ಬದುವಿನಲ್ಲಿ ಕಂಡಿತು. ಹೊಲದೊಡತಿ ಹುಲ್ಲು ಕೊಯ್ಯುತ್ತಿದ್ದಳು. ಅಪ್ಪಣೆ ಕೇಳಿದೆವು. "ಕೂತ್ಕಳಿ, ಮರ ಏನು ಸವೆದೋಯ್ತದಾ?" ಎಂದಳು. ಅವಳಿಗೂ ಒಂದೆಲೆ ಹಾಕಿದೆವು. ಬಹಳ ಸಂಕೋಚಪಟ್ಟು ಕುಳಿತಳು. ಅಮ್ಮನೂ ಅವಳೂ ಮಾತಿಗೆ ತೊಡಗಿ, ಯಾರ ಮನೆಯವರು, ಯಾರು ಇದ್ದಾರೆ, ಯಾರು ಹೋದರು ಎಂದು ಹಳೆಯ ಲೆಕ್ಕಗಳನ್ನೆಲ್ಲ ತೆಗೆದರು. ಹೊರಡುವಾಗ ಆಕೆ ಒಂದು ಬೊಗಸೆ ಎಳೆ ಅವರೆಕಾಯಿಯನ್ನು ಅಮ್ಮನ ಮಡಿಲಿಗೆ ಹಾಕಿ, "ಬರೋ ವರ್ಸ ಬಂದ್ರೆ ಈ ಹೊಲ ಇರಾಕಿಲ್ಲ ಕಣಮ್ಮ. ಸೈಟು ಆಯ್ತದೆ. ಹುಡುಗರು ಕೊಟ್ಬುಟ್ರು" ಎಂದಳು. ಅಳುವ ಧ್ವನಿಯಲ್ಲ, ಹಸು ಈಯಿತು ಎಂಬಂತೆ ಹೇಳಿದಳು.

ನನಗೆ ಉತ್ತರ ಹೊಳೆಯಲಿಲ್ಲ. ಗೃಹನಿರ್ಮಾಣದ ಸಹಕಾರ ಸಂಘಗಳು ನಿವೇಶನ ಹಂಚಿದ ನಮ್ಮ ಬಡಾವಣೆಯೂ ಹಿಂದೆ ಕೊಡಿಗೇಹಳ್ಳಿಯ ಸುತ್ತಿನ ಹೊಲವೇ ಅಲ್ಲವೆ? ನನ್ನ ಮನೆಯ ಹಜಾರವಿರುವ ಕಡೆ ಯಾವ ತಾಯಿ ಅಕ್ಕಡಿ ಸಾಲು ಬಿತ್ತಿದ್ದಳೋ! ನಾನು ಆ ಮಣ್ಣಿನ ಮೇಲೆ ಸುಖವಾಗಿ ಮಲಗುತ್ತಾ, ಇವಳ ಹೊಲಕ್ಕಾಗಿ ಮರುಗಿದರೆ ಅದು ಎಷ್ಟು ಬೆಲೆಬಾಳುವ ಮರುಕ?

ಹಿಂದಿರುಗುವಾಗ ದೇವನಹಳ್ಳಿಯ ಕಡೆಯ ದಾರಿ ಹಿಡಿದೆವು. ನಂದಿಯ ಪುಟ್ಟ ಕಲ್ಲಿನ ರೈಲು ನಿಲ್ದಾಣ ಅಲ್ಲೇ ಇದೆ. ಹಿಂದೆ ಯಲಹಂಕದಿಂದ ಕಿರುಹಳಿಯ ಗಾಡಿ ಬರುತ್ತಿದ್ದುದು ಅಲ್ಲಿಗೇ, ಈಗ ಅಗಲವಾದ ಹಳಿಯಿದೆ. ದಾರಿಯಲ್ಲಿ ಒಂದು ಕೆರೆ ತುಂಬಿತ್ತು. ಈ ಬೆಟ್ಟಸಾಲಿನಲ್ಲಿ ಹುಟ್ಟುವ ಅರ್ಕಾವತಿಗೆ ಹೆಸರಘಟ್ಟದಲ್ಲಿ ಕಟ್ಟೆ ಕಟ್ಟಿ, ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬೆಂಗಳೂರಿಗೆ ಕೊಳಾಯಿಯ ನೀರು ತಂದರು. ಈಗ ಹೆಬ್ಬಾಳ ನಾಗವಾರ ಕಣಿವೆಯ ಯೋಜನೆಯಲ್ಲಿ, ನಾವು ಬಳಸಿ ಬಿಟ್ಟ ನೀರನ್ನು ಶುದ್ಧಿಮಾಡಿ ಈ ಸೀಮೆಯ ಕೆರೆಗಳಿಗೆ ತುಂಬಿಸುತ್ತಾರೆ. ಅವರು ನಮಗೆ ಬೆಟ್ಟದ ನೀರು ಕೊಟ್ಟರು. ನಾವು ತಿರುಗಿ ಕೊಡುತ್ತಿರುವುದು ಇದು.

ಸಂಜೆ ಮನೆ ಸೇರಿದೆವು. ಅಮ್ಮ ಮಡಿಲಿನ ಅವರೆಕಾಯಿಯನ್ನು ತಾನೇ ಬಿಡಿಸುವೆನೆಂದು ಹಟಹಿಡಿದು ಬಿಡಿಸಿದಳು. ಅದಕ್ಕೆ ಕಣ್ಣು ಬೇಕಾಗಲಿಲ್ಲ. ಮಗಳು ಪಕ್ಕದಲ್ಲಿ ಕುಳಿತು ಅಂದು ಕಲಿತ ಹೆಸರುಗಳನ್ನು ತನ್ನ ಪುಸ್ತಕದಲ್ಲಿ ಬರೆಯುತ್ತಿದ್ದಳು: ರಾಗಿ, ಹುಚ್ಚೆಳ್ಳು, ಹರಳು, ತೊಗರಿ. ಒಟ್ಟು ಹದಿನೇಳಾದುವು. ದಿನವೆಲ್ಲ ಅಜ್ಜಿಗೆ ಕಣ್ಣಾದವಳಿಗೆ ತನ್ನ ಕಣ್ಣೂ ತೆರೆದಿದ್ದಿತು.

ರಾತ್ರಿ ಮಲಗುವ ಮೊದಲು ಅಮ್ಮ ಕೇಳಿದಳು: "ಬರುವ ಕಾರ್ತಿಕಕ್ಕೆ ಹೆಸರಘಟ್ಟದ ಕಡೆ ಹೋಗೋಣವೇ? ನಿಮ್ಮಪ್ಪನಿಗೆ ಆ ಕೆರೆಯ ಏರಿ ಬಹಳ ಇಷ್ಟ."

ಮುಂದಿನ ವರ್ಷದ ಪಂಚಾಂಗ ಇನ್ನೂ ಬಂದಿರಲಿಲ್ಲ. ಮರುದಿನವೇ ಅಂಗಡಿಗೆ ಹೋಗಿ ಹೇಳಿಟ್ಟು ಬಂದೆ.